ಆಸಿಯಾನ್ ಒಪ್ಪಂದದ ಲಾಭ ಪಡೆಯೋದು ಹೇಗೆ? ಸಣ್ಣ ರಫ್ತುದಾರರಿಗೆ, ಆಮದುದಾರರಿಗೆ, ಕಲಾವಿದರಿಗೆ ಒಂದು ಮಾರ್ಗದರ್ಶಿ

ಮಲೇಷ್ಯಾದ ಗಿರಾಕಿಗೆ ನಿಮ್ಮ ಸ್ಯಾಂಪಲ್ ಹಿಡಿಸಿದೆ. ದರವೂ ಕುದುರಿದೆ. ಆಗ ಅವರಿಂದ ಒಂದು ಪ್ರಶ್ನೆ ಬರುತ್ತದೆ: "ಫಾರ್ಮ್ ಎಐ ಕೊಡ್ತೀರಾ?" ನಮ್ಮಲ್ಲಿ ಎಷ್ಟೋ ಸಣ್ಣ ಉದ್ಯಮಗಳು ತಡವರಿಸುವುದು ಇಲ್ಲೇ. ಭಾರತ ಮತ್ತು ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಒಕ್ಕೂಟದ ನಡುವಿನ ಸರಕು ವ್ಯಾಪಾರ ಒಪ್ಪಂದ ಜಾರಿಗೆ ಬಂದದ್ದು 2010ರ ಜನವರಿ 1ರಂದು. ಅದರ ಲಾಭವೆಲ್ಲ ಫಾರ್ಮ್ ಎಐ ಅನ್ನುವ ಈ ಒಂದು ಕಾಗದದ ಮೇಲೆ, ಅಂದರೆ ಸರಕು ಯಾವ ದೇಶದಲ್ಲಿ ಹುಟ್ಟಿದ್ದು ಅಂತ ಹೇಳುವ ಪ್ರಮಾಣಪತ್ರದ ಮೇಲೆ ನಿಂತಿದೆ. ಒಪ್ಪಂದ ಇದೆ ಅಂದ ಮಾತ್ರಕ್ಕೆ ಸುಂಕ ತನ್ನಷ್ಟಕ್ಕೆ ತಾನೇ ಇಳಿಯುವುದಿಲ್ಲ. ಕೇಳಬೇಕು, ದಾಖಲೆ ತೋರಿಸಿ ಕೇಳಬೇಕು. ಅದಕ್ಕೂ ಮೊದಲು ಕೇಳುವುದರಿಂದ ಲಾಭ ಇದೆಯಾ ಅಂತ ಲೆಕ್ಕ ಹಾಕಬೇಕು.

ಸರಕು ಕಳಿಸುವವರು, ಅಲ್ಲಿಂದ ತರಿಸುವವರು, ಕಾಫಿ ಮೆಣಸು ಬೆಳೆಯುವವರು, ಕಾರ್ಯಕ್ರಮ ಕೊಡಲು ಹೋಗುವ ಕಲಾತಂಡಗಳು, ಇಷ್ಟು ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಿಮಗೆ ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಸರಕಿನವರು ಮೂರನೇ ಹೆಜ್ಜೆಯನ್ನು ಬಿಡಬೇಡಿ.

ಯಾರ ನಡುವಿನ ಒಪ್ಪಂದ ಇದು?

ಆಸಿಯಾನ್ ಹುಟ್ಟಿದ್ದು 1967ರ ಆಗಸ್ಟ್ 8ರಂದು, ಬ್ಯಾಂಕಾಕ್‌ನಲ್ಲಿ. ಆಗ ಇದ್ದದ್ದು ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಾಪುರ, ಥಾಯ್ಲೆಂಡ್. ಆಮೇಲೆ ಬ್ರೂನೈ, ವಿಯೆಟ್ನಾಂ, ಲಾವೋಸ್, ಮ್ಯಾನ್ಮಾರ್, ಕಾಂಬೋಡಿಯಾ ಸೇರಿದವು. 2025ರ ಅಕ್ಟೋಬರ್‌ನಲ್ಲಿ ಟಿಮೋರ್ ಲೆಸ್ತೆ ಹನ್ನೊಂದನೇ ಸದಸ್ಯ ಆಯಿತು. ಆದರೆ ನಮ್ಮ ಸರಕು ಒಪ್ಪಂದಕ್ಕೆ 2009ರ ಆಗಸ್ಟ್‌ನಲ್ಲಿ ಸಹಿ ಬಿದ್ದಾಗ ಇದ್ದದ್ದು ಹತ್ತೇ ದೇಶ. ಹೊಸ ಸದಸ್ಯ ದೇಶಕ್ಕೂ ಇದೇ ರಿಯಾಯಿತಿ ಅನ್ವಯಿಸುತ್ತದೆ ಅಂತ ಸುಮ್ನೆ ಅಂದುಕೊಂಡು ದರ ಕೊಡಬೇಡಿ.

ಭಾರತ 1992ರಲ್ಲಿ ಆಸಿಯಾನ್‌ನ ವಲಯವಾರು ಪಾಲುದಾರ ಆಯಿತು, 1995ರಲ್ಲಿ ಪೂರ್ಣ ಪಾಲುದಾರ. 2002ರಿಂದ ಶೃಂಗಸಭೆಗಳು ನಡೆಯುತ್ತಿವೆ. ಸೇವೆ ಮತ್ತು ಹೂಡಿಕೆಯ ಒಪ್ಪಂದಗಳು 2015ರಲ್ಲಿ ಜಾರಿಗೆ ಬಂದವು. 2023-24ರಲ್ಲಿ ನಾವು ಅವರಿಗೆ ಮಾರಿದ್ದು ಸುಮಾರು 41 ಬಿಲಿಯನ್ ಡಾಲರ್ ಸರಕು, ಅವರಿಂದ ಕೊಂಡದ್ದು ಸುಮಾರು 80 ಬಿಲಿಯನ್. ಒಪ್ಪಂದದ ಮರುಪರಿಶೀಲನೆ ಆಗಲೇಬೇಕು ಅಂತ ದೆಹಲಿ ಪಟ್ಟು ಹಿಡಿದಿರುವುದಕ್ಕೆ ಈ ಕಂದಕವೇ ಕಾರಣ. ಆ ಮಾತುಕತೆ ಮುಗಿದು ಹೊಸ ನಿಯಮ ಬರುವ ತನಕ ಹಳೆಯದೇ ನಡೆಯುತ್ತದೆ.

ಮೊದಲ ಹೆಜ್ಜೆ: ರಿಯಾಯಿತಿ ಇದೆಯಾ, ಬೇಕಾ?

ಜಾಸ್ತಿ ಜನ ಇದನ್ನು ಕೊನೆಗೆ ನೋಡುತ್ತಾರೆ. ಮೊದಲೇ ನೋಡಿ, ಎಷ್ಟೋ ಕೆಲಸ ಉಳಿಯುತ್ತದೆ.

ನೀವು ಕಳಿಸುವ ದೇಶದಲ್ಲಿ ನಿಮ್ಮ ಸರಕಿಗೆ ಎರಡು ದರ ಇರುತ್ತವೆ. ಒಂದು ಎಲ್ಲರಿಗೂ ಹಾಕುವ ಮಾಮೂಲಿ ಸುಂಕ. ಇನ್ನೊಂದು ಒಪ್ಪಂದದ ಸುಂಕ. ನಿಮಗೆ ಸಿಗುವ ಲಾಭ ಅಂದರೆ ಇವೆರಡರ ನಡುವಿನ ಅಂತರ, ಅಷ್ಟೇ. ಅಂತರ ಸೊನ್ನೆ ಆಗಿದ್ದರೆ ಕಾಗದ ಮಾಡಿಸಿ ಏನು ಬಂತು?

ಸಿಂಗಾಪುರ ಇದಕ್ಕೆ ಒಳ್ಳೇ ಉದಾಹರಣೆ. ಮದ್ಯದಂಥ ಕೆಲವೇ ವಸ್ತುಗಳನ್ನು ಬಿಟ್ಟರೆ ಅಲ್ಲಿ ಯಾರಿಗೂ ಆಮದು ಸುಂಕವೇ ಇಲ್ಲ. ನಿಮ್ಮ ಮೆಣಸಿಗೂ ಇಲ್ಲ, ಬ್ರೆಜಿಲ್ ಮೆಣಸಿಗೂ ಇಲ್ಲ. ಅಲ್ಲಿಗೆ ಕಳಿಸುವ ಸಾಮಾನ್ಯ ಸರಕಿಗೆ ಫಾರ್ಮ್ ಎಐ ಮಾಡಿಸಿದರೆ ಓಡಾಟವೇ ಲಾಭ. ಹಾಗಂತ ಅಲ್ಲಿ ತೆರಿಗೆಯೇ ಇಲ್ಲ ಅಂತಲ್ಲ. 2024ರಿಂದ ಅಲ್ಲಿನ ಜಿಎಸ್‌ಟಿ ಶೇ 9. ಯಾವ ವ್ಯಾಪಾರ ಒಪ್ಪಂದವೂ ಅದನ್ನು ತೆಗೆಯುವುದಿಲ್ಲ. ನಮ್ಮಲ್ಲೂ ಅಷ್ಟೇ, ಆಮದಿನ ಮೇಲೆ ಮೂಲ ಕಸ್ಟಮ್ಸ್ ಸುಂಕ ಇಳಿಯಬಹುದು, ಆಮದಿಗೆ ಹಾಕುವ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ, ಇಳಿಯುವುದಿಲ್ಲ.

ದರ ನೋಡಲು ಆಸಿಯಾನ್‌ನದೇ ಟ್ಯಾರಿಫ್ ಫೈಂಡರ್ ಇದೆ. ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರದ ಮಾರ್ಕೆಟ್ ಆಕ್ಸೆಸ್ ಮ್ಯಾಪ್ ಇದೆ. ಎರಡರಲ್ಲೂ ನೋಡಿ, ಆಮೇಲೆ ಅಲ್ಲಿನ ಗಿರಾಕಿಗೆ ಅವರ ಕಸ್ಟಮ್ಸ್ ಏಜೆಂಟ್ ಹತ್ತಿರ ಖಾತ್ರಿ ಮಾಡಿಕೊಳ್ಳಲು ಹೇಳಿ. ಕೊನೆಗೆ ಸುಂಕ ಕಟ್ಟುವವರು ಅವರೇ ತಾನೇ.

ಇನ್ನೊಂದು ವಿಷಯ. ಸಿಂಗಾಪುರ ಮತ್ತು ಮಲೇಷ್ಯಾ ಜೊತೆ ಭಾರತಕ್ಕೆ ಬೇರೆ ದ್ವಿಪಕ್ಷೀಯ ಒಪ್ಪಂದಗಳೂ ಇವೆ. ಸಿಂಗಾಪುರದ್ದು 2005ರದ್ದು, ಮಲೇಷ್ಯಾದ್ದು 2011ರದ್ದು. ಥಾಯ್ಲೆಂಡ್ ಜೊತೆ ಕೆಲವೇ ವಸ್ತುಗಳಿಗೆ 2004ರಿಂದ ಒಂದು ಏರ್ಪಾಡು ಇದೆ. ಹಾಗಾಗಿ ಮಲೇಷ್ಯಾಕ್ಕೆ ಕಳಿಸುವವರು ಎರಡೂ ಒಪ್ಪಂದದ ದರ ಮತ್ತು ನಿಯಮ ಹೋಲಿಸಿ, ಸುಲಭವಾದದ್ದನ್ನು ಆರಿಸಿಕೊಳ್ಳಬಹುದು. ಎರಡಕ್ಕೂ ಪ್ರಮಾಣಪತ್ರ ಬೇರೆ ಬೇರೆ, ಅದಲು ಬದಲು ಆಗಬಾರದು.

ಎರಡನೇ ಹೆಜ್ಜೆ: ಎಚ್‌ಎಸ್ ಕೋಡ್

ಸುಂಕದ ಲೋಕದಲ್ಲಿ ನಿಮ್ಮ ಸರಕಿಗೆ ಹೆಸರಿಲ್ಲ, ನಂಬರ್ ಇದೆ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ಆಮೇಲಿನವು ಆಯಾ ದೇಶದ್ದು, ನಮ್ಮಲ್ಲಿ ಒಟ್ಟು ಎಂಟು ಅಂಕಿ. ಇಡೀ ಕಾಳುಮೆಣಸು 0904 11, ಪುಡಿ ಮಾಡಿದರೆ 0904 12. ಹುರಿಯದ ಕಾಫಿ ಬೀಜ 0901 11, ಹುರಿದರೆ 0901 21. ಇನ್‌ಸ್ಟಂಟ್ ಕಾಫಿ ಪುಡಿ ಅಂದರೆ ಅಧ್ಯಾಯವೇ ಬದಲು, 2101 11. ಅಗರಬತ್ತಿ 3307 41.

ನಿಮ್ಮ ಇನ್‌ವಾಯ್ಸ್‌ನಲ್ಲಿ ಒಂದು ಕೋಡ್, ಅಲ್ಲಿನ ಕಸ್ಟಮ್ಸ್ ಒಪ್ಪುವುದು ಇನ್ನೊಂದು ಅಂತಾದರೆ ಕಂಟೇನರ್ ಬಂದರಿನಲ್ಲೇ ಕೂರುತ್ತದೆ, ಬಾಡಿಗೆ ಏರುತ್ತಾ ಹೋಗುತ್ತದೆ. ಹಾಗಾಗಿ ಆರು ಅಂಕಿಯನ್ನು ಗಿರಾಕಿ ಜೊತೆ ಬರವಣಿಗೆಯಲ್ಲೇ ಒಪ್ಪಿಸಿಕೊಳ್ಳಿ.

ಮೂರನೇ ಹೆಜ್ಜೆ: ಸರಕು "ನಮ್ಮದು" ಅಂತ ತೋರಿಸುವುದು

ಇಡೀ ಆಟ ಇರುವುದು ಇಲ್ಲಿ. ಒಪ್ಪಂದದ ರಿಯಾಯಿತಿ ಭಾರತದಿಂದ ಹೊರಟ ಸರಕಿಗೆ ಅಲ್ಲ, ಭಾರತದಲ್ಲಿ ಹುಟ್ಟಿದ ಸರಕಿಗೆ. ಚೀನಾದಿಂದ ತಂದು ಚೀಲ ಬದಲಿಸಿ ಕಳಿಸಿದರೆ ಆಗದು.

ಕೊಡಗಿನಲ್ಲೋ ಸಕಲೇಶಪುರದಲ್ಲೋ ಬೆಳೆದು ಕೊಯ್ದ ಮೆಣಸಾದರೆ ತಲೆಬಿಸಿ ಇಲ್ಲ. ಅದು ಪೂರ್ತಿ ನಮ್ಮದೇ. ಹೊರಗಿನ ಕಚ್ಚಾವಸ್ತು ಬಳಸಿ ಮಾಡಿದ ಸರಕಾದರೆ ಎರಡು ಪರೀಕ್ಷೆ, ಎರಡರಲ್ಲೂ ಪಾಸಾಗಬೇಕು. ಒಂದು, ಎಫ್‌ಒಬಿ ಬೆಲೆಯಲ್ಲಿ, ಅಂದರೆ ಸರಕು ಹಡಗೇರುವ ತನಕದ ಬೆಲೆಯಲ್ಲಿ, ಕನಿಷ್ಠ ಶೇ 35 ಭಾಗ ಭಾರತದ್ದೋ ಆಸಿಯಾನ್‌ನದ್ದೋ ಆಗಿರಬೇಕು. ತಿರುಗಿಸಿ ಹೇಳಿದರೆ ಹೊರಗಿನ ವಸ್ತುಗಳ ಬೆಲೆ ಶೇ 65 ದಾಟಬಾರದು. ಎರಡು, ಹೊರಗಿನ ವಸ್ತುವಿನ ಆರಂಕಿ ಕೋಡ್ ಮತ್ತು ನಿಮ್ಮ ಸಿದ್ಧ ಸರಕಿನ ಆರಂಕಿ ಕೋಡ್ ಬೇರೆ ಇರಬೇಕು. ಕೊನೆಯ ತಯಾರಿಕೆ ಭಾರತದಲ್ಲೇ ಆಗಿರಬೇಕು ಅನ್ನುವುದು ಇವಕ್ಕೆ ಜೊತೆ.

ಅಗರಬತ್ತಿಯನ್ನೇ ತೆಗೆದುಕೊಳ್ಳೋಣ. ಮೈಸೂರಿನ ಒಂದು ಸಣ್ಣ ಘಟಕ, ಎಫ್‌ಒಬಿ ₹1,000ದ ಒಂದು ಪೆಟ್ಟಿಗೆ. ಈ ಅಂಕಿಗಳು ಲೆಕ್ಕ ತಿಳಿಯಲು ನಾನೇ ಇಟ್ಟುಕೊಂಡವು. ವಿಯೆಟ್ನಾಂನ ಬಿದಿರು ಕಡ್ಡಿ ₹120. ವಿಯೆಟ್ನಾಂನದೇ ಜಿಗಟು ಪುಡಿ ₹60. ಯುರೋಪಿನ ಸುಗಂಧ ₹500, ಇದು ದುಬಾರಿ ಬತ್ತಿ. ಸ್ಥಳೀಯವಾಗಿ ಬಿಲ್ ಇಲ್ಲದೆ ಕೊಂಡ ಇದ್ದಿಲು ಪುಡಿ ₹40. ಉಳಿದದ್ದು ಕೂಲಿ, ಪ್ಯಾಕಿಂಗ್, ಲಾಭ.

ಬಿಲ್ ಇಲ್ಲದ ಇದ್ದಿಲು ಪುಡಿ ಪಕ್ಕದೂರಿನದೇ ಇರಬಹುದು. ಆದರೂ ಲೆಕ್ಕದಲ್ಲಿ ಅದು ಹೊರಗಿನದ್ದೇ, ಯಾಕೆಂದರೆ ಮೂಲ ಗೊತ್ತಿಲ್ಲದ ವಸ್ತುವನ್ನು ನಿಯಮ ಹೊರಗಿನ ಸಾಲಿಗೇ ಸೇರಿಸುತ್ತದೆ. ಕಡ್ಡಿ ಮತ್ತು ಜಿಗಟು ಆಸಿಯಾನ್‌ನವು ಅನ್ನಲು ದಾಖಲೆ ಇಲ್ಲ ಅಂದುಕೊಳ್ಳಿ. ಆಗ ಹೊರಗಿನ ಮೊತ್ತ 120, 60, 500, 40 ಸೇರಿ ₹720. ಅಂದರೆ ಶೇ 72. ಫೇಲ್.

ಈಗ ಆ ಕಡ್ಡಿ ಮತ್ತು ಜಿಗಟು ಭಾರತಕ್ಕೆ ಬಂದಾಗ ಅವುಗಳ ಜೊತೆ ವಿಯೆಟ್ನಾಂ ಕೊಟ್ಟ ಫಾರ್ಮ್ ಎಐ ಇತ್ತು ಅನ್ನಿ. ಒಪ್ಪಂದದಲ್ಲಿ ಕೂಡಿಕೆ ಅನ್ನುವ ಅನುಕೂಲ ಇದೆ. ಒಪ್ಪಂದದ ಒಂದು ದೇಶದಲ್ಲಿ ಹುಟ್ಟಿದ ವಸ್ತುವನ್ನು ಇನ್ನೊಂದು ದೇಶದಲ್ಲಿ ಬಳಸಿದರೆ, ಅದು ಬಳಸಿದ ದೇಶದ್ದೇ ಅಂತ ಎಣಿಸಬಹುದು. ಆಗ ಹೊರಗಿನದ್ದು ಬರೀ ₹540. ಶೇ 54. ಪಾಸ್! ಬತ್ತಿ ಅದೇ, ಘಟಕ ಅದೇ, ಕೂಲಿ ಅದೇ. ಫಲಿತಾಂಶ ತಿರುಗಿಸಿದ್ದು ಕಡ್ಡಿ ತರಿಸಿದ ವ್ಯಾಪಾರಿಯ ಫೈಲಿನಲ್ಲಿರುವ ಒಂದು ಹಳೇ ಕಾಗದ.

ಹಾಗಾಗಿ ಕಡ್ಡಿ ಕೊಳ್ಳುವಾಗಲೇ ಆ ವ್ಯಾಪಾರಿಯ ಹತ್ತಿರ ಫಾರ್ಮ್ ಎಐ ಪ್ರತಿ, ಬಿಲ್ ಆಫ್ ಎಂಟ್ರಿ (ಆಮದಿನ ಕಸ್ಟಮ್ಸ್ ದಾಖಲೆ) ಪ್ರತಿ ಕೇಳಿ. ಆರು ತಿಂಗಳ ನಂತರ ಕೇಳಿದರೆ ಯಾರೂ ಹುಡುಕಿ ಕೊಡುವುದಿಲ್ಲ. ಇದ್ದಿಲು ಪುಡಿಗೂ ಬಿಲ್ ತಗೊಳ್ಳಿ.

ಎರಡನೇ ಪರೀಕ್ಷೆಯಲ್ಲಿ ಬೇರೆ ತೊಡಕು ಇದೆ. ಬಿದಿರು ಕಡ್ಡಿಯ ಕೋಡ್ 44ನೇ ಅಧ್ಯಾಯದ್ದು, ಅಗರಬತ್ತಿ 33ನೇ ಅಧ್ಯಾಯ. ಕೋಡ್ ಬದಲಾಗಿದೆ, ಸರಿ. ಆದರೆ ಸುಗಂಧ ಹಾಕದ ಕಚ್ಚಾ ಬತ್ತಿಯನ್ನೇ ಹೊರಗಿನಿಂದ ತಂದು, ಇಲ್ಲಿ ಸುಗಂಧದಲ್ಲಿ ಅದ್ದಿ, ಪ್ಯಾಕ್ ಮಾಡಿದರೆ? ಕಚ್ಚಾ ಬತ್ತಿಯೂ ಸಾಮಾನ್ಯವಾಗಿ ಅದೇ 3307 41ಕ್ಕೆ ಬೀಳುತ್ತದೆ. ಕೋಡ್ ಬದಲಾಗಲಿಲ್ಲ. ಮೌಲ್ಯ ಎಷ್ಟೇ ಸೇರಿಸಿದ್ದರೂ ಈ ಪರೀಕ್ಷೆ ದಾಟುವುದಿಲ್ಲ. ಅದಲ್ಲದೆ 2019ರ ಆಗಸ್ಟ್‌ನಲ್ಲಿ ಭಾರತ ಅಗರಬತ್ತಿ ಆಮದನ್ನೇ ನಿರ್ಬಂಧಿತ ಪಟ್ಟಿಗೆ ಹಾಕಿತು. 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಮಾಮೂಲಿ ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ಇಲ್ಲಿನ ಕಡ್ಡಿ ತಯಾರಕರನ್ನು ಉಳಿಸುವುದು ಉದ್ದೇಶ, ಬಿಸಿ ತಟ್ಟಿದ್ದು ಬತ್ತಿ ಹೊಸೆಯುವವರಿಗೂ. ವ್ಯಾಪಾರ ಒಪ್ಪಂದ ಒಂದು ಕಡೆ ಬಾಗಿಲು ತೆರೆದರೂ ದೇಶದೊಳಗಿನ ನೀತಿ ಇನ್ನೊಂದು ಕಡೆ ಚಿಲಕ ಹಾಕಬಹುದು, ಎರಡನ್ನೂ ನೋಡುತ್ತಿರಬೇಕು.

ಜರಡಿ ಹಿಡಿಯುವುದು, ವಿಂಗಡಿಸುವುದು, ತೊಳೆಯುವುದು, ಲೇಬಲ್ ಅಂಟಿಸುವುದು, ಪ್ಯಾಕ್ ಬದಲಿಸುವುದು, ಸರಳವಾಗಿ ಬೆರೆಸುವುದು. ಇಂಥ ಸಣ್ಣ ಕೆಲಸಗಳಿಂದ ಹೊರಗಿನ ಸರಕು ನಮ್ಮದಾಗುವುದಿಲ್ಲ. ಬೇರೆ ದೇಶದ ಮೆಣಸನ್ನು ಇಲ್ಲಿನ ಮೆಣಸಿನ ಜೊತೆ ಬೆರೆಸಿ "ಮಲೆನಾಡಿನದ್ದು" ಅಂತ ಕಳಿಸುವವರಿಗೆ ಈ ಸಾಲು.

ನಾಲ್ಕನೇ ಹೆಜ್ಜೆ: ನೋಂದಣಿಗಳು

ಇದು ಬೇಸರದ ಕೆಲಸ, ಆದರೆ ಹೆಚ್ಚಿನದು ಒಮ್ಮೆ ಮಾಡಿದರೆ ಮುಗೀತು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ, ಅಂದರೆ ಎಲ್ಲರೂ ಕರೆಯುವ ಡಿಜಿಎಫ್‌ಟಿಯಿಂದ, ಆಮದು, ರಫ್ತು ಮಾಡುವವರಿಗೆ ಕೊಡುವ ಐಇಸಿ ನಂಬರ್ ಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ ₹500. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು. ಏನೂ ಬದಲಾಗದಿದ್ದರೂ ಮಾಡಬೇಕು, ಇಲ್ಲದಿದ್ದರೆ ನಂಬರ್ ನಿಷ್ಕ್ರಿಯ ಆಗುತ್ತದೆ. ನಿಮ್ಮ ಬ್ಯಾಂಕಿನ ಎಡಿ ಕೋಡನ್ನು (ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕಿಗೆ ಇರುವ ನಂಬರ್) ಬಂದರಿನಲ್ಲಿ ನೋಂದಾಯಿಸಬೇಕು. ಐಜಿಎಸ್‌ಟಿ ಕಟ್ಟದೆ ರಫ್ತು ಮಾಡಬೇಕಾದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ, ಅಂದರೆ ಮುಚ್ಚಳಿಕೆ ಪತ್ರ, ಹಾಕಬೇಕು. ಮೆಣಸು, ಏಲಕ್ಕಿಯವರಿಗೆ ಸ್ಪೈಸಸ್ ಬೋರ್ಡ್ ನೋಂದಣಿ, ಕಾಫಿಯವರಿಗೆ ಬೆಂಗಳೂರಿನ ಕಾಫಿ ಬೋರ್ಡ್ ನೋಂದಣಿ. ಸಸ್ಯ ಉತ್ಪನ್ನಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಇಂಡೋನೇಷ್ಯಾಕ್ಕೆ ಆಹಾರ ಪದಾರ್ಥ ಕಳಿಸುವವರು ಹಲಾಲ್ ವಿಷಯ ಮೊದಲೇ ಕೇಳಿಕೊಳ್ಳಿ. 2014ರ ಕಾನೂನಿನಂತೆ ಅಲ್ಲಿ ಇದನ್ನು ಹಂತ ಹಂತವಾಗಿ ಕಡ್ಡಾಯ ಮಾಡುತ್ತಿದ್ದಾರೆ. ಸುಂಕ ಸೊನ್ನೆ ಇದ್ದು ಈ ಕಾಗದ ಇಲ್ಲದಿದ್ದರೆ ಸರಕು ಅಂಗಡಿಗೆ ಹೋಗುವುದಿಲ್ಲ.

ಐದನೇ ಹೆಜ್ಜೆ: ಫಾರ್ಮ್ ಎಐ ಪಡೆಯುವುದು

"ಮೂಲ ಪ್ರಮಾಣಪತ್ರ" ಅನ್ನುವ ಹೆಸರಿನಲ್ಲಿ ಹಲವು ಕಾಗದಗಳು ಓಡಾಡುತ್ತವೆ, ಅದೇ ಗೊಂದಲ. ವಾಣಿಜ್ಯ ಮಂಡಳಿಗಳು ಕೊಡುವ ಮಾಮೂಲಿ ಪ್ರಮಾಣಪತ್ರ ಸರಕು ಯಾವ ದೇಶದ್ದು ಅಂತ ಹೇಳುತ್ತದೆ, ಸುಂಕ ಇಳಿಸುವುದಿಲ್ಲ. ಕಾಫಿಗೆ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಲೆಕ್ಕಕ್ಕಾಗಿ ಕಾಫಿ ಬೋರ್ಡ್ ಕೊಡುವ ಮೂಲ ಪ್ರಮಾಣಪತ್ರ ಇನ್ನೊಂದು. ಅದೂ ಸುಂಕ ಇಳಿಸುವುದಿಲ್ಲ. ಆಸಿಯಾನ್ ರಿಯಾಯಿತಿಗೆ ಬೇಕಾದದ್ದು ಫಾರ್ಮ್ ಎಐ ಮಾತ್ರ. ಮೊದಲ ಸಲ ಕಳಿಸುವವರು ಒಂದನ್ನು ಮಾಡಿಸಿ ಎಲ್ಲ ಮುಗೀತು ಅಂದುಕೊಳ್ಳುವುದು ಇಲ್ಲೇ.

ಅರ್ಜಿ ಆನ್‌ಲೈನ್‌ನಲ್ಲಿ, ಡಿಜಿಎಫ್‌ಟಿಯ ಇ-ಸಿಒಒ, ಅಂದರೆ ಆನ್‌ಲೈನ್ ಮೂಲ ಪ್ರಮಾಣಪತ್ರದ, ವ್ಯವಸ್ಥೆಯಲ್ಲಿ. ಕೊಡುವುದು ಎಕ್ಸ್‌ಪೋರ್ಟ್ ಇನ್‌ಸ್ಪೆಕ್ಷನ್ ಏಜೆನ್ಸಿಯಂಥ ಅಧಿಕೃತ ಸಂಸ್ಥೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ (ರಫ್ತಿನ ಕಸ್ಟಮ್ಸ್ ದಾಖಲೆ), ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ರಸೀದಿ), ಮತ್ತು ಮೇಲೆ ಹೇಳಿದ ವೆಚ್ಚದ ಲೆಕ್ಕ ಸಿದ್ಧ ಇರಲಿ. ಲೆಕ್ಕವನ್ನು ಸರಕು ಹೊರಡುವ ವಾರ ಮಾಡಲು ಹೋಗಬೇಡಿ. ಒಂದೊಂದು ಉತ್ಪನ್ನಕ್ಕೂ ಮೊದಲೇ ಹಾಳೆ ಮಾಡಿಟ್ಟು, ಕಚ್ಚಾವಸ್ತುವಿನ ಬೆಲೆ ಬದಲಾದಾಗ ತಿದ್ದುತ್ತಿರಿ. ಸುಗಂಧದ ಬೆಲೆ ಏರಿತು ಅಂದರೆ ಕಳೆದ ಸಲ ಶೇ 54 ಇದ್ದದ್ದು ಈ ಸಲ 65 ದಾಟಬಹುದು.

ಪ್ರಮಾಣಪತ್ರವನ್ನು ರಫ್ತಿನ ಹೊತ್ತಿಗೆ, ಅಥವಾ ಸರಕು ಹಡಗೇರಿದ ಮೂರು ಕೆಲಸದ ದಿನಗಳೊಳಗೆ ಕೊಡುತ್ತಾರೆ. ಸಕಾರಣವಾಗಿ ತಡವಾದರೆ ಹನ್ನೆರಡು ತಿಂಗಳೊಳಗೆ ಪೂರ್ವಾನ್ವಯವಾಗಿ ಪಡೆಯಬಹುದು, ಅದರ ಮೇಲೆ ಹಾಗಂತ ಮುದ್ರೆ ಇರಬೇಕು. ಕೊಟ್ಟ ದಿನದಿಂದ ಹನ್ನೆರಡು ತಿಂಗಳು ಮಾನ್ಯ. ಬಿಲ್ ಮೂರನೇ ದೇಶದ ಕಂಪನಿಯ ಹೆಸರಿನಲ್ಲಿದ್ದರೂ ನಡೆಯುತ್ತದೆ, ಉದಾಹರಣೆಗೆ ದುಬೈನ ವ್ಯಾಪಾರಿ ಬಿಲ್ ಮಾಡಿ ಸರಕು ನೇರ ಮಲೇಷ್ಯಾಕ್ಕೆ ಹೋಗುವಾಗ. ಆದರೆ ಅದನ್ನು ಫಾರ್ಮ್‌ನಲ್ಲಿ ನಮೂದಿಸಬೇಕು. ಅಳಿಸಿ ತಿದ್ದಿದ್ದು, ಮೇಲೆ ಬರೆದದ್ದು ನಡೆಯಲ್ಲ. ತಪ್ಪಾದರೆ ಕೊಟ್ಟ ಸಂಸ್ಥೆಯಿಂದಲೇ ತಿದ್ದಿಸಿ ದೃಢೀಕರಿಸಿಕೊಳ್ಳಿ.

ಆರನೇ ಹೆಜ್ಜೆ: ದಾರಿ

ಬೆಂಗಳೂರಿನ ಸುತ್ತಲ ಸರಕು ಜಾಸ್ತಿ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಿಂದಲೋ ನೇರ ಚೆನ್ನೈ ಬಂದರಿನಿಂದಲೋ ಹೋಗುತ್ತದೆ. ಕರಾವಳಿ, ಮಲೆನಾಡಿನವರಿಗೆ ನವ ಮಂಗಳೂರು ಬಂದರು ಇದೆ. ದಕ್ಷಿಣ ಭಾರತದ ಎಷ್ಟೋ ಕಂಟೇನರ್‌ಗಳು ಕೊಲಂಬೊದಲ್ಲಿ ಹಡಗು ಬದಲಿಸುತ್ತವೆ. ಶ್ರೀಲಂಕಾ ಈ ಒಪ್ಪಂದದಲ್ಲಿ ಇಲ್ಲ. ಸರಕು ಅಲ್ಲಿ ಇಳಿದು ಹತ್ತಬಹುದು, ಆದರೆ ಅಲ್ಲಿನ ಮಾರುಕಟ್ಟೆಗೆ ಹೋಗಬಾರದು, ಇಳಿಸಿ ಹತ್ತಿಸುವುದು ಮತ್ತು ಕೆಡದಂತೆ ಕಾಪಾಡುವುದು ಬಿಟ್ಟು ಬೇರೇನೂ ಮಾಡಬಾರದು. ಇದನ್ನು ತೋರಿಸಲು ಆರಂಭದಿಂದ ಕೊನೆಯ ಬಂದರಿನ ತನಕ ಒಂದೇ ಬಿಲ್ ಆಫ್ ಲೇಡಿಂಗ್ ಬೇಕು. ಶಿಪ್ಪಿಂಗ್ ಏಜೆಂಟ್‌ಗೆ ಬುಕ್ ಮಾಡುವಾಗಲೇ ಹೇಳಿ.

ದುಡ್ಡು ಬ್ಯಾಂಕ್ ದಾರಿಯಲ್ಲೇ ಬರಲಿ. 2023ರ ಫೆಬ್ರುವರಿಯಲ್ಲಿ ಯುಪಿಐ ಮತ್ತು ಸಿಂಗಾಪುರದ ಹಣ ಪಾವತಿ ವ್ಯವಸ್ಥೆ ಪೇನೌ ಜೋಡಣೆ ಆಯಿತು, ಮಗ ಅಲ್ಲಿಂದ ಅಮ್ಮನಿಗೆ ದುಡ್ಡು ಕಳಿಸಲು ಬಹಳ ಅನುಕೂಲ. ಅದು ವ್ಯಕ್ತಿಗಳ ನಡುವಿನ ಸಣ್ಣ ಮೊತ್ತಕ್ಕೆ ಮಾಡಿದ್ದು. ರಫ್ತಿನ ಹಣಕ್ಕೆ ಅದನ್ನು ಬಳಸಬೇಡಿ. ಬ್ಯಾಂಕಿನ ವಸೂಲಿ ದಾಖಲೆ ಇಲ್ಲದಿದ್ದರೆ ರಫ್ತಿನ ಇತರ ಸೌಲಭ್ಯಗಳೂ ಕೈತಪ್ಪುತ್ತವೆ.

ಅಲ್ಲಿಂದ ತರಿಸುವವರಿಗೆ

ಆಮದಿನಲ್ಲಿ ಹೊಣೆ ನಿಮ್ಮ ಹೆಗಲಿಗೆ. 2020ರ ಸೆಪ್ಟೆಂಬರ್ 21ರಿಂದ ಕರೋಟಾರ್ ಅನ್ನುವ, ಸರಕಿನ ಮೂಲ ಪರಿಶೀಲಿಸುವ ಕಸ್ಟಮ್ಸ್ ನಿಯಮಗಳು ಜಾರಿಯಲ್ಲಿವೆ. ಮೊದಲು ಪ್ರಮಾಣಪತ್ರ ಒಪ್ಪಿಸಿದರೆ ಸಾಕಿತ್ತು. ಈಗ ಸರಕು ಹೇಗೆ ತಯಾರಾಯಿತು, ಯಾವ ಕಚ್ಚಾವಸ್ತು, ಎಷ್ಟು ಮೌಲ್ಯ ಸೇರಿತು ಅನ್ನುವ ಮಾಹಿತಿ ಆಮದುದಾರರ ಕೈಯಲ್ಲಿ ಇರಬೇಕು. ಫಾರ್ಮ್ ಒಂದು ಅಂತ ನಮೂನೆ ಇದೆ, ಅದರಲ್ಲಿ ತುಂಬಿಸಿಟ್ಟುಕೊಳ್ಳಬೇಕು. ಐದು ವರ್ಷ ಕಾಪಾಡಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಕೊಡಬೇಕು.

ಪೂರೈಕೆದಾರರು "ಅದು ನಮ್ಮ ವ್ಯಾಪಾರದ ಗುಟ್ಟು" ಅಂದರೆ? ಆರ್ಡರ್ ಹಾಕುವ ಮುಂಚೆ ಈ ಮಾತು ಬಂದರೆ ಒಳ್ಳೆಯದು, ದುಡ್ಡು ಕೊಟ್ಟ ಮೇಲೆ ಬಂದರೆ ಕಷ್ಟ. ಖರೀದಿ ಕರಾರಿನಲ್ಲೇ ಒಂದು ಸಾಲು ಸೇರಿಸಿ: ಮೂಲದ ಮಾಹಿತಿ ಕೊಡದೆ ರಿಯಾಯಿತಿ ತಪ್ಪಿದರೆ ಸುಂಕದ ವ್ಯತ್ಯಾಸ ಪೂರೈಕೆದಾರರದ್ದು.

ಕೆಲವೊಮ್ಮೆ ಒಪ್ಪಂದದ ದರಕ್ಕಿಂತ ಮಾಮೂಲಿ ದರವೇ ಕಡಿಮೆ ಇರುತ್ತದೆ. ಕಚ್ಚಾ ತಾಳೆ ಎಣ್ಣೆಗೆ ಒಪ್ಪಂದದಲ್ಲಿ ಇಳಿಸುತ್ತಾ ಬಂದು ನಿಲ್ಲಿಸಿದ ದರ ಶೇ 37.5. ಆದರೆ 2025ರ ಮೇ 30ರಂದು ಸರ್ಕಾರ ಎಲ್ಲರಿಗೂ ಮೂಲ ಸುಂಕವನ್ನು ಶೇ 10ಕ್ಕೆ ಇಳಿಸಿತು. ಅಂಥಾ ಹೊತ್ತಲ್ಲಿ ಫಾರ್ಮ್ ಎಐಗೆ ಕೆಲಸವೇ ಇಲ್ಲ. ಈ ದರಗಳು ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗುತ್ತವೆ, ಹಡಗು ಹೊರಡುವ ಮುನ್ನ ಒಮ್ಮೆ ನೋಡಿ.

ಕಾಫಿ, ಮೆಣಸು ಬೆಳೆಗಾರರಿಗೆ

ತಾಳೆ ಎಣ್ಣೆ, ಕಾಫಿ, ಕಪ್ಪು ಚಹಾ, ಮೆಣಸು. ಇವನ್ನು ಭಾರತ ಒಪ್ಪಂದದಲ್ಲಿ ವಿಶೇಷ ಉತ್ಪನ್ನ ಅಂತ ಬೇರೆ ಇಟ್ಟಿತು. ಸೊನ್ನೆಗೆ ಇಳಿಸಲಿಲ್ಲ. ಕಾಫಿ ಮತ್ತು ಚಹಾಕ್ಕೆ 2019ರ ಕೊನೆಯ ಹೊತ್ತಿಗೆ ಶೇ 45, ಮೆಣಸಿಗೆ ಶೇ 50. ವಿಯೆಟ್ನಾಂ ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಮತ್ತು ರೊಬಸ್ಟಾ ಕಾಫಿ ಬೆಳೆಯುವ ದೇಶ. ಅವರ ಮೆಣಸು ಶೇ 50 ಕಟ್ಟಿ ಬರುವುದಕ್ಕಿಂತ, ಕಡಿಮೆ ಸುಂಕದ ಬೇರೆ ಒಪ್ಪಂದದ ಹೆಸರಿನಲ್ಲಿ ಶ್ರೀಲಂಕಾ ಮೂಲಕ ನುಸುಳುತ್ತದೆ ಅನ್ನುವುದು ನಮ್ಮ ಬೆಳೆಗಾರರ ಬಹಳ ವರ್ಷದ ದೂರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಮೆಣಸಿಗೆ ಕಿಲೋಗೆ ₹500ರ ಕನಿಷ್ಠ ಆಮದು ಬೆಲೆ ಇಟ್ಟದ್ದು ಈ ಹಿನ್ನೆಲೆಯಲ್ಲಿ.

ನಿಮ್ಮ ಬೆಳೆಗಾರರ ಸಂಘ ಒಪ್ಪಂದದ ಮರುಪರಿಶೀಲನೆಗೆ ಮನವಿ ಕೊಡುವುದಾದರೆ "ಆಮದು ನಿಲ್ಲಿಸಿ" ಅಂತ ಒಂದು ಸಾಲು ಬರೆದು ಕಳಿಸಬೇಡಿ. ಅದು ಫೈಲಿಗೆ ಹೋಗುತ್ತದೆ, ಅಷ್ಟೇ. ಎಚ್‌ಎಸ್ ಕೋಡ್ ಹಾಕಿ. ಇಂಥ ಕೋಡ್‌ನ ಸರಕು ಇಂಥ ದೇಶದಿಂದ ವರ್ಷಕ್ಕೆ ಎಷ್ಟು ಬಂತು, ಆ ತಿಂಗಳು ಇಲ್ಲಿನ ಬೆಲೆ ಎಷ್ಟಿತ್ತು ಅಂತ ಪಟ್ಟಿ ಕೊಡಿ. ಆಮದಿನ ಅಂಕಿಗಳು ವಾಣಿಜ್ಯ ಸಚಿವಾಲಯದ ದತ್ತಾಂಶದಲ್ಲಿ ಎಲ್ಲರಿಗೂ ಸಿಗುತ್ತವೆ. ಮಾತುಕತೆಗೆ ಕೂರುವ ಅಧಿಕಾರಿಗೆ ಬೇಕಿರುವುದು ಮೇಜಿನ ಮೇಲೆ ಇಡಬಹುದಾದ ಕಾಗದ.

ಕಲಾವಿದರು, ವಿದ್ಯಾರ್ಥಿಗಳು, ಸಂಶೋಧಕರು

ಸಾಂಸ್ಕೃತಿಕ ಸಹಕಾರ ಅಂದರೆ ಬರೀ ಭಾಷಣ ಅಲ್ವಾ ಅಂತ ಕೆಲವರಿಗೆ ಅನಿಸಬಹುದು. ಕಲ್ಲಿನ ಮೇಲೆ ಕೆಲಸ ಆಗಿದೆ. ಕಾಂಬೋಡಿಯಾದ ಅಂಗ್ಕೋರ್ ವಾಟ್‌ನಲ್ಲಿ 1986ರಿಂದ 1993ರ ತನಕ ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆ ಜೀರ್ಣೋದ್ಧಾರ ಮಾಡಿತು. ಆಮೇಲೆ ಅಲ್ಲಿನದೇ ತಾ ಪ್ರೋಮ್, ಲಾವೋಸ್‌ನ ವಾಟ್ ಫೂ ದೇವಾಲಯಗಳು. ವಿಯೆಟ್ನಾಂನ ಮೀ ಸನ್ ದೇವಾಲಯಗಳಲ್ಲಿ ಕೆಲಸ ಮಾಡುತ್ತಿದ್ದಾಗ 2020ರ ಮೇನಲ್ಲಿ ಮರಳುಗಲ್ಲಿನ ಒಂದು ಶಿವಲಿಂಗ ಸಿಕ್ಕಿತು, 9ನೇ ಶತಮಾನದ್ದು. ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ ಭಾರತದ ನೆರವಿನಿಂದ ಏಷ್ಯಾದ ಸಾಂಪ್ರದಾಯಿಕ ಜವಳಿಯ ಸಂಗ್ರಹಾಲಯ 2014ರಲ್ಲಿ ತೆರೆಯಿತು. ನೇಯ್ಗೆಯವರು ಆ ಕಡೆ ಹೋದರೆ ಬಿಡದೆ ನೋಡಬೇಕಾದ ಜಾಗ.

ಸಂಶೋಧಕರಿಗೆ ಆಸಿಯಾನ್-ಭಾರತ ವಿಜ್ಞಾನ ಮತ್ತು ತಂತ್ರಜ್ಞಾನ ನಿಧಿ ಇದೆ, ಜಂಟಿ ಪ್ರಸ್ತಾವಕ್ಕೆ ಅಲ್ಲಿನ ಸಹಪಾಲುದಾರರನ್ನು ಮೊದಲೇ ಹುಡುಕಿಕೊಂಡಿರಬೇಕು. ವಿದ್ಯಾರ್ಥಿವೇತನದ ಸುದ್ದಿ ನೋಡಿದ ಕೂಡಲೇ ಅರ್ಜಿ ಹಾಕಬೇಡಿ, ಅರ್ಹತೆ ಓದಿ. ಐಐಟಿಗಳಲ್ಲಿ ಪಿಎಚ್‌ಡಿಗೆ ಅಂತ 2018ರಲ್ಲಿ ಘೋಷಿಸಿದ 1,000 ಫೆಲೋಶಿಪ್‌ಗಳು ಆಸಿಯಾನ್ ದೇಶದವರಿಗೆ. ನಮ್ಮ ಮಕ್ಕಳಿಗಲ್ಲ.

ಕಲಾತಂಡಗಳು ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತಿನ, ಅಂದರೆ ಐಸಿಸಿಆರ್‌ನ, ಕಲಾವಿದರ ಪಟ್ಟಿಗೆ ಸೇರಲು ಪ್ರಯತ್ನಿಸಬೇಕು. ಜಕಾರ್ತಾ, ಬ್ಯಾಂಕಾಕ್, ಕೌಲಾಲಂಪುರ, ಹನೋಯ್‌ಗಳಲ್ಲಿ ಅದರ ಕೇಂದ್ರಗಳಿವೆ. ಸರ್ಕಾರದ ದಾರಿ ನಿಧಾನ. ಸಿಂಗಾಪುರದಂಥ ಕಡೆ ಕನ್ನಡ ಸಂಘವೇ ಇದೆ, ಅವರ ಜೊತೆ ದಿನಾಂಕ ಗೊತ್ತು ಮಾಡಿಕೊಂಡು, ಆ ಆಹ್ವಾನ ಪತ್ರದ ಬಲದ ಮೇಲೆ ಉಳಿದ ಕಡೆ ಕೇಳುವುದು ಸುಲಭ.

ವೀಸಾದಲ್ಲಿ ಎಡವಬೇಡಿ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬರಲು ಬಿಟ್ಟಿದೆ, ಥಾಯ್ಲೆಂಡ್ ಕೂಡ ಸಡಿಲಿಸಿದೆ. ಇದು ಪ್ರವಾಸಿಗರಿಗೆ. ಸಂಭಾವನೆ ಪಡೆದು ವೇದಿಕೆ ಏರುವುದಕ್ಕೆ, ಮಳಿಗೆ ಹಾಕಿ ಮಾರುವುದಕ್ಕೆ ಬೇರೆ ಅನುಮತಿ ಬೇಕಾಗಬಹುದು. ಆಯೋಜಕರಿಂದ ಬರವಣಿಗೆಯಲ್ಲಿ ಕೇಳಿ.

ಇನ್ನು ಸಾಮಾನು. ಯಕ್ಷಗಾನ ಮೇಳ ಅಂದರೆ ಕಿರೀಟ, ಭುಜಕೀರ್ತಿ, ಚೆಂಡೆ, ಮದ್ದಳೆ ಅಂತ ಪೆಟ್ಟಿಗೆ ಪೆಟ್ಟಿಗೆ ಹೊರಡುತ್ತದೆ. ಅಲ್ಲಿ ಇಳಿದಾಗ ಇದೆಲ್ಲ ಮಾರಾಟಕ್ಕಾ ಅಂತ ಕಸ್ಟಮ್ಸ್ ಕೇಳಿದರೆ ಸುಂಕವೋ ಠೇವಣಿಯೋ ಕಟ್ಟಬೇಕು. ಸುಂಕ ಕಟ್ಟದೆ ಸಾಮಾನನ್ನು ತಾತ್ಕಾಲಿಕವಾಗಿ ಒಯ್ದು ವಾಪಸ್ ತರಲು ಎಟಿಎ ಕಾರ್ನೆ ಅನ್ನುವ ದಾಖಲೆ ಇದೆ, ನಮ್ಮಲ್ಲಿ ಕೊಡುವುದು ಉದ್ಯಮಗಳ ಒಕ್ಕೂಟ ಎಫ್‌ಐಸಿಸಿಐ (ಫಿಕ್ಕಿ). ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ ಇದನ್ನು ಒಪ್ಪುತ್ತವೆ. ಪ್ರದರ್ಶನದ ಸಾಮಾನು, ವೃತ್ತಿ ಉಪಕರಣ, ಸ್ಯಾಂಪಲ್, ಇವುಗಳಲ್ಲಿ ಯಾವುದಕ್ಕೆ ಅಂತ ಆಯಾ ದೇಶದ್ದು ಕೇಳಿಕೊಳ್ಳಿ. ವ್ಯಾಪಾರ ಮೇಳಕ್ಕೆ ಯಂತ್ರ, ಮಾದರಿ ಒಯ್ಯುವವರಿಗೂ ಇದೇ ದಾರಿ.

ಪಟ್ಟಿಯಲ್ಲಿ ಒಂದೊಂದು ವಸ್ತುವನ್ನೂ ಎಣಿಸಿ ಬರೆಯಬೇಕು. "ವೇಷಭೂಷಣ, 1 ಪೆಟ್ಟಿಗೆ" ಅಂದರೆ ಆಗಲ್ಲ. ಕಿರೀಟ ಎಷ್ಟು, ಗೆಜ್ಜೆ ಎಷ್ಟು ಜೊತೆ, ಚೆಂಡೆ ಎಷ್ಟು, ಪ್ರತಿಯೊಂದರ ಬೆಲೆ ಎಷ್ಟು. ನವಿಲುಗರಿ ಇರುವ ಯಾವುದನ್ನೂ ಪೆಟ್ಟಿಗೆಗೆ ಹಾಕಬೇಡಿ, ಭಾರತದಿಂದ ಅದನ್ನು ಹೊರಗೆ ಒಯ್ಯುವಂತಿಲ್ಲ. ಚರ್ಮದ ವಾದ್ಯಗಳಿಗೆ ಅಲ್ಲಿನ ಕ್ವಾರಂಟೈನ್ ನಿಯಮ ಕೇಳಿಕೊಳ್ಳಿ. ಕಾರ್ನೆಗೆ ಭದ್ರತಾ ಮೊತ್ತ ಇಡಬೇಕು, ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಹೊರಡುವಾಗ, ಅಲ್ಲಿ ಇಳಿದಾಗ, ಅಲ್ಲಿಂದ ಹೊರಟಾಗ, ಇಲ್ಲಿ ಬಂದಿಳಿದಾಗ ನಾಲ್ಕು ಕಡೆಯೂ ಕಸ್ಟಮ್ಸ್ ಮುದ್ರೆ ಬೀಳಬೇಕು. ವಾಪಸ್ ಬರುವ ದಿನ ವಿಮಾನದ ಗಡಿಬಿಡಿಯಲ್ಲಿ ಮೂರನೇ ಮುದ್ರೆ ತಪ್ಪುವುದೇ ಜಾಸ್ತಿ. ಹಾಗಾಗಿ ಆ ದಿನ ಮೇಳದ ಒಬ್ಬರನ್ನು ಬರೀ ಆ ಕೆಲಸಕ್ಕೆ ಅಂತಲೇ ಎರಡು ಗಂಟೆ ಮುಂಚೆ ಏರ್‌ಪೋರ್ಟ್‌ಗೆ ಕಳಿಸಿ.